ಪರದೆ ಮೇಲೆ ಯೇಸು ಇದ್ದಾನೆ, ಸೇಡಂ ಎಲ್ಲಿದೆ?

ಕ್ರೈಸ್ತ ಭಕ್ತಿ ಸಿನಿಮಾಗಳ ಬಗ್ಗೆ ನಮ್ಮಲ್ಲಿ ಕೇಳಿಬರೋದು ಎರಡೇ ಮಾತು. ಒಂದು, ಅದು ದೇವರ ಸೇವೆ, ಅದರಲ್ಲಿ ತಪ್ಪು ಹುಡುಕಬೇಡಿ ಅನ್ನೋದು. ಇನ್ನೊಂದು, ಅದು ಮತಾಂತರದ ಬಲೆ, ಮೊದಲು ನಿಲ್ಲಿಸಿ ಅನ್ನೋದು. ಎರಡೂ ಕಡೆಯವರು ಸಿನಿಮಾವನ್ನು ಸಿನಿಮಾ ಆಗಿ ನೋಡುವುದಿಲ್ಲ. ಅದರ ಮುಂದೆ ಕೂತ ಮನುಷ್ಯರನ್ನಂತೂ ನೋಡುವುದೇ ಇಲ್ಲ. ನನಗೆ ಮುಖ್ಯ ಅನಿಸೋದು ಆ ಮನುಷ್ಯರು.

ಅವರು ಎಲ್ಲಿಯವರು ಅಂತ ಮೊದಲೇ ಹೇಳಿಬಿಡ್ತೀನಿ. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ. ಒಂದು ಕಡೆ ಶಹಾಬಾದಿ ಕಲ್ಲಿನ ಗಣಿಗಳು. ಇನ್ನೊಂದು ಕಡೆ ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳು. 1874ರಲ್ಲಿ ನಿಜಾಮರ ಕಾಲದಲ್ಲಿ ಬಂದ ವಾಡಿ-ಸಿಕಂದರಾಬಾದ್ ರೈಲು ಮಾರ್ಗ ಚಿತ್ತಾಪುರ, ಸೇಡಂ ಹಾದು ತಾಂಡೂರಿಗೆ ಹೋಗುತ್ತದೆ. ರೈಲೇ ಇಲ್ಲದ ಚಿಂಚೋಳಿಯಲ್ಲಿ ತಾಂಡಾಗಳಿವೆ. ಕನ್ನಡ, ತೆಲುಗು, ದಖನಿ, ಲಂಬಾಣಿ ನಾಲ್ಕೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಹಳೆಯ ಮೆಥೋಡಿಸ್ಟ್ ಚರ್ಚುಗಳಿವೆ, 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಕ್ಯಾಥೊಲಿಕ್ ಧರ್ಮಪ್ರಾಂತ್ಯವಿದೆ, ತಗಡಿನ ಚಾವಣಿಯ ಸಣ್ಣ ಪ್ರಾರ್ಥನಾ ಮನೆಗಳಿವೆ. 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87 ಮಾತ್ರ. ಈ ಭಾಗದಲ್ಲಿರುವ ಹೆಚ್ಚಿನವರ ಬೇರು ದಲಿತ ಕೇರಿಗಳಲ್ಲಿದೆ.

ನಾನು ಓದಿದ್ದು ಇಂಜಿನಿಯರಿಂಗ್. ಆ ಓದಿನಿಂದ ಉಳಿದಿರೋ ಒಂದು ಅಭ್ಯಾಸ ಅಂದ್ರೆ, ಯಾವುದೇ ಯಂತ್ರವನ್ನು ಅದನ್ನು ಯಾವ ಕೆಲಸಕ್ಕೆ ಮಾಡಿದ್ದಾರೋ ಆ ಕೆಲಸದಿಂದಲೇ ಮೊದಲು ಅಳೆಯೋದು. ಭಕ್ತಿ ಸಿನಿಮಾದ ಕೆಲಸ ನಂಬಿದವರಿಗೆ ಬಲ ಕೊಡೋದು, ನಂಬದವರಿಗೆ ಕಥೆ ಮುಟ್ಟಿಸೋದು. ಈ ಅಳತೆಯಲ್ಲಿ ಅದು ಗೆದ್ದಿದೆಯಾ? ಅರ್ಧ ಗೆದ್ದಿದೆ. ಉಳಿದರ್ಧ ಯಾಕೆ ಸೋತಿದೆ ಅನ್ನೋದೇ ಈ ಲೇಖನದ ವಿಷಯ.

ಕರುಣಾಮಯುಡು ಗೆದ್ದದ್ದು ಹೇಗೆ?

ಮೊದಲು ಗೆಲುವಿನ ಮಾತು. 1978ರ ಡಿಸೆಂಬರ್‌ನಲ್ಲಿ ತೆರೆಕಂಡ ತೆಲುಗಿನ ‘ಕರುಣಾಮಯುಡು’ ನೆನಪಿಸಿಕೊಳ್ಳಿ. ನಿರ್ದೇಶಕ ಎ. ಭೀಮ್‌ಸಿಂಗ್. ತಮಿಳಿನಲ್ಲಿ ‘ಪಾಸಮಲರ್’, ‘ಪಾವ ಮನ್ನಿಪ್ಪು’ ಥರದ ಚಿತ್ರ ಮಾಡಿ ಮನೆಮಂದಿಯನ್ನೆಲ್ಲ ಅಳಿಸಿದವರು. ಚಿತ್ರ ತೆರೆಗೆ ಬರುವ ಮೊದಲೇ, ಅದೇ ವರ್ಷದ ಜನವರಿಯಲ್ಲಿ, ಅವರು ತೀರಿಕೊಂಡರು. ಯೇಸುವಿನ ಪಾತ್ರ ಮಾಡಿದ್ದು ವಿಜಯಚಂದರ್. ಯೇಸು ಶಿಲುಬೆ ಹೊತ್ತು ನಡೆಯುವಾಗ ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿಯಲ್ಲಿ ಬರುವ ಹಾಡು ಇವತ್ತಿಗೂ ತೆಲುಗು ಬಲ್ಲ ಸಭೆಗಳಲ್ಲಿ ಜೀವಂತವಾಗಿದೆ. ಸೇಡಂ, ಚಿಂಚೋಳಿಗೆ ತೆಲುಗು ಹೊರಗಿನ ಭಾಷೆಯೇನಲ್ಲ.

ಆ ಚಿತ್ರ ಮಾಡಿದ ಜಾಣತನದ ಕೆಲಸ ಏನು ಗೊತ್ತಾ? ಅದು ಯೇಸುವಿನ ಕಥೆಯನ್ನು ನಮ್ಮ ಭಕ್ತಿ ಚಿತ್ರದ ಧಾಟಿಯಲ್ಲಿ ಹೇಳಿತು. ಹಾಡು ಇದೆ, ಕಣ್ಣೀರಿದೆ, ಎದುರಿಗೆ ನಿಂತು ದರ್ಶನ ಕೊಡುವ ದೇವರಿದ್ದಾನೆ. ‘ಬೇಡರ ಕಣ್ಣಪ್ಪ’, ‘ಮಂತ್ರಾಲಯ ಮಹಾತ್ಮೆ’, ‘ಭಕ್ತ ಕುಂಬಾರ’ ನೋಡಿ ಬೆಳೆದ ಪ್ರೇಕ್ಷಕರಿಗೆ ಇದನ್ನು ಹೇಗೆ ನೋಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದೆ ಅಮೆರಿಕದ ಪ್ರಚಾರಕ ಜಾನ್ ಗಿಲ್ಮನ್ ಇದರ ಹಿಂದಿ ರೂಪ ‘ದಯಾಸಾಗರ್’ ಅನ್ನು ಪ್ರೊಜೆಕ್ಟರ್ ತಂಡಗಳ ಮೂಲಕ ಹಳ್ಳಿಹಳ್ಳಿಗೆ ಕಳಿಸಿದರು. ಟಾಕೀಸು ಇಲ್ಲದ ಊರಲ್ಲಿ ಬಿಳಿ ಪರದೆ ಕಟ್ಟಿ, ಟಿಕೆಟ್ ಇಲ್ಲದೆ ತೋರಿಸುವ ಸಿನಿಮಾ. ಹೆಣ್ಣುಮಕ್ಕಳು, ಮುದುಕರು, ಕೂಲಿ ಮುಗಿಸಿ ಬಂದವರು ಒಟ್ಟಿಗೆ ನೆಲದ ಮೇಲೆ ಕೂತು ನೋಡೋದು. ಕೇರಿಯವರು ಮುಂದೆ ಕೂತರೆ ಏಳಿಸುವವರಿಲ್ಲ. ಇದನ್ನು ಸಣ್ಣ ವಿಷಯ ಅಂತ ತಳ್ಳಿಹಾಕಬೇಡಿ.

ಇನ್ನೊಂದು ಸ್ವಾರಸ್ಯ. ದಾದಾಸಾಹೇಬ್ ಫಾಲ್ಕೆ ಮುಂಬಯಿಯಲ್ಲಿ 1910-11ರ ಸುಮಾರಿಗೆ ಕ್ರಿಸ್ತನ ಜೀವನದ ಮೂಕಿ ಚಿತ್ರ ನೋಡುತ್ತಲೇ, ಹೀಗೆ ನಮ್ಮ ಕೃಷ್ಣನನ್ನೂ ತೋರಿಸಬಹುದಲ್ಲ ಅಂದುಕೊಂಡರು. 1913ಕ್ಕೆ ‘ರಾಜಾ ಹರಿಶ್ಚಂದ್ರ’ ಬಂತು. ಅಂದ್ರೆ ನಮ್ಮ ಪೌರಾಣಿಕ ಚಿತ್ರಕ್ಕೆ ಕಿಡಿ ಹೊತ್ತಿಸಿದ್ದು ಒಂದು ಕ್ರೈಸ್ತ ಸಿನಿಮಾ. ಅದೇ ಪೌರಾಣಿಕ ಧಾಟಿಯನ್ನು ಅರವತ್ತು ಚಿಲ್ಲರೆ ವರ್ಷದ ಮೇಲೆ ಯೇಸುವಿನ ಕಥೆ ಮರಳಿ ಪಡೆಯಿತು. ಇದರಲ್ಲಿ ಯಾವುದು ಹೊರಗಿನದು, ಯಾವುದು ಒಳಗಿನದು ಅಂತ ಗೆರೆ ಎಳೆಯಲು ಹೋದವರು ಸುಸ್ತಾಗ್ತಾರೆ.

ಎರಡು ಸಾವಿರ ಭಾಷೆ, ಒಂದೇ ಮುಖ

ಎರಡನೇ ದೊಡ್ಡ ಚಿತ್ರ 1979ರ ‘ಜೀಸಸ್’. ಲೂಕನ ಸುವಾರ್ತೆ ಆಧರಿಸಿ ಇಸ್ರೇಲಿನಲ್ಲಿ ಚಿತ್ರೀಕರಿಸಿದ್ದು, ಯೇಸುವಾಗಿ ಬ್ರಿಟಿಷ್ ನಟ ಬ್ರಯಾನ್ ಡೀಕನ್. ಇದು 2,000ಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿದೆ. ಜಗತ್ತಿನಲ್ಲಿ ಇಷ್ಟು ಭಾಷೆಗೆ ಹೋದ ಸಿನಿಮಾ ಇನ್ನೊಂದಿಲ್ಲ. ಕನ್ನಡದಲ್ಲಿದೆ, ತೆಲುಗಿನಲ್ಲಿದೆ, ಲಂಬಾಣಿಯಲ್ಲೂ ಇದೆ. ಚಿಂಚೋಳಿಯ ತಾಂಡಾದ ಅಜ್ಜಿಗೆ ಅವಳ ಮಾತಿನಲ್ಲಿ ಒಂದು ಪೂರ್ತಿ ಸಿನಿಮಾ ಕೊಡಬೇಕು ಅಂತ ನಮ್ಮ ಚಿತ್ರೋದ್ಯಮಕ್ಕೆ ಎಂದಾದರೂ ಅನಿಸಿತ್ತಾ? ಗಾಂಧಿನಗರ ದಶಕಗಳ ಕಾಲ ಡಬ್ಬಿಂಗ್‌ಗೆ ಬಾಗಿಲು ಹಾಕಿಕೊಂಡಿತ್ತು. ಸ್ಪರ್ಧಾ ಆಯೋಗ 2015ರಲ್ಲಿ ಅದರ ವಿರುದ್ಧ ಆದೇಶ ಕೊಟ್ಟ ಮೇಲಷ್ಟೇ ಬಾಗಿಲು ಸಡಿಲವಾಯಿತು. ಅಷ್ಟೂ ಕಾಲ ಟಾಕೀಸಿನ ಹೊರಗೆ, ಚರ್ಚಿನ ಅಂಗಳದಲ್ಲಿ, ಡಬ್ ಆದ ಯೇಸು ಕನ್ನಡ ಮಾತಾಡುತ್ತಲೇ ಇದ್ದ. ಈ ಶಕ್ತಿಗೆ ಮೆಚ್ಚುಗೆ ಕೊಡಲೇಬೇಕು.

ಆದ್ರೆ ದೌರ್ಬಲ್ಯವೂ ಇಲ್ಲಿಂದಲೇ ಶುರು. ಭಾಷೆ ಎರಡು ಸಾವಿರ, ಮುಖ ಒಂದೇ, ಅದೂ ಬಿಳಿ ಮುಖ. ಮಾತೋ, ಮಿಷನರಿಗಳ ಕಾಲದ ಬೈಬಲ್ ಅನುವಾದದಿಂದ ಬಂದ ಗ್ರಾಂಥಿಕ ಕನ್ನಡದ ನೆರಳಿನಲ್ಲೇ ಇರುವ ಮಾತು. ಗಲಿಲಾಯದ ಮೀನುಗಾರ ಅದರಲ್ಲಿ ಉಪದೇಶಿಯ ಹಾಗೆ ಮಾತಾಡ್ತಾನೆ. ಅದೇ ಯೇಸು ದೋಣಿಯಲ್ಲಿ ನಡುಗುತ್ತಿದ್ದವರಿಗೆ ‘ಅಂಜಬ್ಯಾಡ್ರಿ, ನಾ ಇದ್ದೀನಿ’ ಅಂದಿದ್ದರೆ ಶಹಾಬಾದಿನ ಗಣಿ ಕಾರ್ಮಿಕನಿಗೆ ಹೇಗೆ ಕೇಳಿಸ್ತಿತ್ತು ಯೋಚಿಸಿ. ಆ ಬಡಗಿಯ ಮಗ ನಮ್ಮ ಓಣಿಯವನೇ ಅನಿಸ್ತಿದ್ದ.

ಪವಾಡದ ಮರುದಿನ

ಸುವಾರ್ತೆಯಲ್ಲಿ ಪವಾಡಗಳಿವೆ, ಹಾಗಾಗಿ ಸಿನಿಮಾದಲ್ಲೂ ಇರುತ್ತವೆ. ಅದಕ್ಕೆ ನನ್ನ ತಕರಾರಿಲ್ಲ. ತೊಂದರೆ ಇರೋದು ಅದನ್ನೇ ಮಾದರಿ ಮಾಡಿಕೊಂಡು ಈಗ ಮೊಬೈಲಿನಲ್ಲಿ ಹರಿದಾಡುವ ‘ಸಾಕ್ಷಿ’ ಕಿರುಚಿತ್ರಗಳಲ್ಲಿ. ಒಂದೇ ಅಚ್ಚು: ಕುಡುಕ ಗಂಡ, ಕಾಯಿಲೆ ಬಿದ್ದ ಮಗು, ಸಾಲ, ಪ್ರಾರ್ಥನೆ, ಹಿನ್ನೆಲೆ ಸಂಗೀತ, ಎಲ್ಲವೂ ಸರಿ. ಒಂದು ಕತ್ತರಿ ಹಾಕಿದರೆ ಕಾಯಿಲೆ ಮಾಯ. ಮರುದಿನ ಏನಾಯ್ತು ಅನ್ನೋದು ಯಾವತ್ತೂ ಪರದೆಗೆ ಬರಲ್ಲ.

ಕಲ್ಲಿನ ಧೂಳು, ಸಿಮೆಂಟಿನ ಧೂಳು ಕುಡಿದು ಕೆಮ್ಮುವ ಊರುಗಳಿವು. ದೊಡ್ಡ ಆಸ್ಪತ್ರೆ ಬೇಕಂದ್ರೆ ಕಲಬುರಗಿಗೋ ಹೈದರಾಬಾದಿಗೋ ಹೋಗಬೇಕು. ಇಂಥ ಕಡೆ, ನಂಬಿದರೆ ವಾಸಿಯಾಗುತ್ತೆ ಅನ್ನುವ ಚಿತ್ರ, ವಾಸಿಯಾಗದವರಿಗೆ ಇನ್ನೊಂದು ಮಾತನ್ನೂ ಹೇಳಿದಂತಾಗುತ್ತೆ: ನಿನ್ನ ನಂಬಿಕೆ ಸಾಲಲಿಲ್ಲ. ರೋಗದ ಮೇಲೆ ಅಪರಾಧವನ್ನೂ ಹೊರಿಸುವ ಕ್ರೌರ್ಯ ಇದು. ಮಲಯಾಳಂನಲ್ಲಿ 2020ರ ‘ಟ್ರಾನ್ಸ್’ ಈ ಪವಾಡದ ವ್ಯಾಪಾರವನ್ನು ನೇರವಾಗಿ ಪ್ರಶ್ನಿಸಿತು. ಆದರೆ ಪ್ರಶ್ನೆ ಹೊರಗಿನಿಂದ ಬಂದರೆ ಸಾಲದು. ನಂಬುವವರೇ ಮಾಡುವ ಸಿನಿಮಾ, ಪ್ರಾರ್ಥಿಸಿಯೂ ಮಗು ಉಳಿಯದ ತಾಯಿಯ ಮುಂದೆ ಕ್ಯಾಮೆರಾ ಇಡಬೇಕು. ಯೋಬನ ಕಥೆ ಇರುವ ಧರ್ಮಕ್ಕೆ ಇದು ಕಷ್ಟವಾಗಬಾರದು.

ಎರವಲು ತಂದ ಶತ್ರು

ಅಮೆರಿಕದ ಹೊಸ ಭಕ್ತಿ ಚಿತ್ರಗಳದ್ದು ಬೇರೆ ಕಾಯಿಲೆ. 2014ರ ‘ಗಾಡ್ಸ್ ನಾಟ್ ಡೆಡ್’ ನೋಡಿ. ನಾಸ್ತಿಕ ಪ್ರೊಫೆಸರ್ ಒಬ್ಬ, ದೇವರಿಲ್ಲ ಅಂತ ಬರೆದುಕೊಡಿ ಅಂತ ವಿದ್ಯಾರ್ಥಿಗಳಿಗೆ ಹೇಳ್ತಾನೆ. ಒಬ್ಬ ಹುಡುಗ ಮಾತ್ರ ಎದುರು ನಿಲ್ತಾನೆ. ವಾದದಲ್ಲಿ ಎದುರಾಳಿ ಸೋಲಲೆಂದೇ ಅವನನ್ನು ಅಷ್ಟು ಟೊಳ್ಳಾಗಿ ಬರೆದಿದ್ದಾರೆ. ಸುಮಾರು 20 ಲಕ್ಷ ಡಾಲರಿನಲ್ಲಿ ತಯಾರಾಗಿ 6 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅಲ್ಲಿ ಕ್ರೈಸ್ತರು ಬಹುಸಂಖ್ಯಾತರು. ತಮ್ಮನ್ನು ತುಳಿಯುತ್ತಿದ್ದಾರೆ ಅನ್ನೋ ಭಾವನೆ ಅಲ್ಲಿ ಮಾರಾಟವಾಗುವ ಸರಕು.

ಇಲ್ಲಿ ಪರಿಸ್ಥಿತಿಯೇ ಬೇರೆ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂತು. ಬಲವಂತ ಮಾಡಿಲ್ಲ, ಆಮಿಷ ಒಡ್ಡಿಲ್ಲ ಅಂತ ಸಾಬೀತು ಮಾಡುವ ಹೊಣೆಯನ್ನು ಆರೋಪಿಯ ಮೇಲೇ ಹಾಕಿತು. ಪರಿಶಿಷ್ಟರು, ಮಹಿಳೆಯರನ್ನು ಮತಾಂತರಿಸಿದರೆ ಹತ್ತು ವರ್ಷದವರೆಗೆ ಜೈಲು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. 2025ರ ಅಕ್ಟೋಬರ್-ನವೆಂಬರ್‌ನಲ್ಲಿ ಚಿತ್ತಾಪುರದ ಬೀದಿಯಲ್ಲಿ ಯಾರು ಮೆರವಣಿಗೆ ಮಾಡಬಹುದು ಅನ್ನೋದು ಹೈಕೋರ್ಟಿನವರೆಗೆ ಹೋಯಿತು. ಬೀದಿಯೇ ಇಷ್ಟು ಸೂಕ್ಷ್ಮವಾಗಿರುವ ಕಡೆ ಬಯಲಿನಲ್ಲಿ ಪರದೆ ಕಟ್ಟುವುದು ಬರೀ ಸಿನಿಮಾ ಪ್ರದರ್ಶನವಾಗಿ ಉಳಿಯುವುದಿಲ್ಲ. ಹೀಗಿರುವಾಗ ಅಮೆರಿಕದ ಕಾಲೇಜಿನ ಶತ್ರುವನ್ನು ಎರವಲು ತಂದು ಏನು ಮಾಡ್ತೀರಿ? ಪಕ್ಕದ ಮನೆಯವರ ದೇವರನ್ನು ಸೈತಾನ ಅಂತ ತೋರಿಸುವ ಚಿತ್ರ ಮಾಡಿದರೆ ಅದರ ಬೆಲೆ ತೆರುವುದು ಅದನ್ನು ತೆಗೆದವರಲ್ಲ. ಮರುದಿನ ಅದೇ ಬಾವಿಗೆ ನೀರಿಗೆ ಹೋಗಬೇಕಾದ ಹೆಣ್ಣುಮಗಳು.

ತೆರೆಗೆ ಬಾರದ ಕಥೆ

ಈಗ ನನ್ನ ಮುಖ್ಯ ತಕರಾರು. ಇಲ್ಲಿನ ದಲಿತ ಕ್ರೈಸ್ತರ ಬದುಕಿನಲ್ಲಿ ದೊಡ್ಡ ಕಥೆಯೊಂದು ದಿನವೂ ನಡೀತಿದೆ. ಯಾವ ಭಕ್ತಿ ಚಿತ್ರಕ್ಕೂ ಅದು ಕಾಣುತ್ತಿಲ್ಲ.

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನಮಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಇವತ್ತಿಗೂ ಹೊರಗೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. ಆದರೆ ಪರಿಶಿಷ್ಟರ ಮೀಸಲು ಸೀಟು ಇಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇಲ್ಲ. 2022ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕ್ರೈಸ್ತ ಧರ್ಮ ಪಾಲಿಸುತ್ತಾ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಅಂತ ಹೇಳಿತು. 2025ರಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಬಂದಾಗ, ಜಾತಿ ಹೆಸರಿನ ಜೊತೆ ‘ಕ್ರಿಶ್ಚಿಯನ್’ ಅಂತ ಸೇರಿಸಿದ್ದಕ್ಕೆ ಗದ್ದಲವೆದ್ದು, ಆ ಹೆಸರುಗಳು ಆ್ಯಪ್‌ನ ಪಟ್ಟಿಯಲ್ಲಿ ಕಾಣದಂತೆ ಮಾಡಲಾಯಿತು.

ಇದರ ಅರ್ಥ ಕೇರಿಯಲ್ಲಿ ಏನಾಗುತ್ತೆ? ಒಬ್ಬ ಮನುಷ್ಯನಿಗೆ ಎರಡು ಹೆಸರು. ಪ್ರಾರ್ಥನೆಯಲ್ಲಿ ಒಂದು, ಶಾಲೆಯ ಟಿಸಿಯಲ್ಲಿ ಇನ್ನೊಂದು. ಊರಿನವರ ಕಣ್ಣಲ್ಲಿ ಜಾತಿ ಹೋಗಿಲ್ಲ, ಸರ್ಕಾರದ ಕಾಗದದಲ್ಲಿ ಮಾತ್ರ ಹೋಗಿದೆ. ಮಗಳ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಧರ್ಮದ ಕಾಲಂ ಮುಂದೆ ಪೆನ್ನು ಹಿಡಿದು ಕೂತ ಅಪ್ಪ, ತಾನು ನಂಬಿದ್ದನ್ನು ಬರೆಯಬೇಕೋ, ಮಗಳಿಗೆ ಬೇಕಾದ್ದನ್ನು ಬರೆಯಬೇಕೋ? ಪೇತ್ರ ಮೂರು ಸಲ ಯೇಸುವನ್ನು ಅರಿಯೆನೆಂದ ಪ್ರಸಂಗ ಎಲ್ಲ ಯೇಸು ಚಿತ್ರಗಳಲ್ಲೂ ಬರುತ್ತೆ. ಸೇಡಂನ ಅಪ್ಪ ಅದನ್ನು ತಹಶೀಲ್ದಾರ್ ಕಚೇರಿಯಲ್ಲಿ ಅನುಭವಿಸ್ತಾನೆ. ಇದಕ್ಕಿಂತ ದೊಡ್ಡ ನಾಟಕ ಇನ್ನೇನು ಬೇಕ್ರಿ?

ಚರ್ಚುಗಳು ಇದನ್ನು ತೆರೆಗೆ ತರಲು ಹಿಂಜರಿಯುವುದು ನನಗೆ ಅರ್ಥವಾಗುತ್ತೆ. ತೋರಿಸಿದರೆ ಜನರ ಕಾಗದಪತ್ರಗಳಿಗೇ ಕುತ್ತು ಬರಬಹುದು ಅನ್ನೋ ಭಯ ಸುಳ್ಳಲ್ಲ. ಜೊತೆಗೆ, ಚರ್ಚಿನ ಒಳಗೂ ಜಾತಿ ಹೋಗಿಲ್ಲ ಅನ್ನೋ ಸತ್ಯ ಹೊರಬೀಳುತ್ತೆ ಅನ್ನೋ ಸಂಕೋಚವೂ ಇದೆ. ಮೊದಲನೆಯದಕ್ಕೆ ನನ್ನ ಸಹಾನುಭೂತಿ ಇದೆ. ಎರಡನೆಯದಕ್ಕೆ ಇಲ್ಲ.

ಹಾಗಾದ್ರೆ ಮಾದರಿ ಯಾವುದು?

ದೂರ ಹೋಗಬೇಕಿಲ್ಲ. ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ (1990) ನಮ್ಮ ಮುಂದಿದೆ. ಶರೀಫನಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್. ಅಪ್ಪಟ ಭಕ್ತಿ ಚಿತ್ರ, ಅಪ್ಪಟ ಉತ್ತರ ಕರ್ನಾಟಕದ ಮಣ್ಣು. ನೋಡುವವರನ್ನು ಅದು ಯಾವ ಕಡೆಗೂ ಸೇರು ಅನ್ನಲಿಲ್ಲ. ಹಾಗಂತ ಭಕ್ತಿಯನ್ನು ತೆಳು ಮಾಡಲೂ ಇಲ್ಲ.

ಕ್ರೈಸ್ತ ವಸ್ತುವಿನಲ್ಲಿ ಇತ್ತೀಚಿನ ಉದಾಹರಣೆ 2023ರ ‘ದ ಫೇಸ್ ಆಫ್ ದ ಫೇಸ್‌ಲೆಸ್’. ಮಧ್ಯಪ್ರದೇಶದಲ್ಲಿ ಬಡ ರೈತರ ಪರ ನಿಂತು 1995ರಲ್ಲಿ ಬಸ್ಸಿನಲ್ಲೇ ಕೊಲೆಯಾದ ಕೇರಳದ ಸನ್ಯಾಸಿನಿ ರಾಣಿ ಮರಿಯಾ ಅವರ ಕಥೆ. ಕೊಂದವನನ್ನು ಅವರ ಮನೆಯವರು ಕ್ಷಮಿಸಿದರು, ತಂಗಿ ಅವನಿಗೆ ರಾಖಿ ಕಟ್ಟಿದರು. ಇಲ್ಲಿ ನಂಬಿಕೆ ಏನು ಮಾಡಿತು ಅನ್ನೋದು ಕಣ್ಣಿಗೆ ಕಾಣುತ್ತೆ: ಸಾಲದ ಲೆಕ್ಕ ಕೇಳಿತು, ಆಮೇಲೆ ಕೊಲೆಗಾರನ ಕೈ ಹಿಡಿಯಿತು. ಹಿಂದೂ ನೋಡಲಿ, ಮುಸ್ಲಿಂ ನೋಡಲಿ, ದೇವರನ್ನೇ ನಂಬದವರು ನೋಡಲಿ, ಈ ಕಥೆ ಮುಟ್ಟುತ್ತೆ.

ಈಗ ದುಡ್ಡಿನ ನೆಪವನ್ನೂ ಹೇಳುವ ಹಾಗಿಲ್ಲ. ‘ದ ಚೋಸನ್’ ಸರಣಿಗೆ 16,000ಕ್ಕೂ ಹೆಚ್ಚು ಜನ ಸೇರಿ 1 ಕೋಟಿ ಡಾಲರ್ ಕೂಡಿಸಿಕೊಟ್ಟರು. ನಮಗೆ ಅಷ್ಟು ಬೇಡ. ಒಳ್ಳೆಯ ಫೋನು, ಕಲಬುರಗಿ ಮಾತು ಬಲ್ಲ ನಟರು, ಎರಡು ವಾರದ ಸಮಯ ಇದ್ದರೆ ಇಪ್ಪತ್ತು ನಿಮಿಷದ ಚಿತ್ರ ಆಗುತ್ತೆ. ಆ ಅರ್ಜಿ, ಆ ಅಪ್ಪ, ಆ ಮಗಳು ಸಾಕು. ಕೊನೆಗೆ ಪವಾಡ ಆಗಲೇಬೇಕು ಅಂತೇನಿಲ್ಲ. ಅಪ್ಪ ಏನು ಬರೆದ ಅಂತ ತೋರಿಸದಿದ್ದರೂ ಪರವಾಗಿಲ್ಲ. ವಾಡಿಯ ಚರ್ಚಿನ ಅಂಗಳದಲ್ಲಿ ಅದನ್ನು ಹಾಕಿದ ರಾತ್ರಿ, ನೋಡಲು ಬಂದವರಲ್ಲಿ ಎಷ್ಟು ಜನ ಆ ಕಾಲಂ ಮುಂದೆ ಕೂತು ಬಂದವರು ಅನ್ನೋದು ಅವರಿಗೇ ಗೊತ್ತಿರುತ್ತೆ.