ಮನೆಯ ಆರೋಗ್ಯ: ಹಳೆಯ ಕಾಯಿಲೆಯವರೂ ಚುಚ್ಚುಮದ್ದಿನ ಲೆಕ್ಕವೂ

ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮಲ್ಲಿ ಮನೆಗೊಬ್ಬರಾದರೂ ಹಳೆಯ ಕಾಯಿಲೆಯವರಿರುವುದು ಹೊಸ ಸಂಗತಿಯೇನಲ್ಲ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ರಕ್ತದ ಒತ್ತಡ, ಮತ್ತೊಬ್ಬರಿಗೆ ಉಬ್ಬಸ ಇಲ್ಲವೆ ಸಂಧಿವಾತ. ಇಂಥವರು ಕಾಯಿಲೆಯೊಡನೆ ಒಂದು ಬಗೆಯ ರಾಜಿ ಮಾಡಿಕೊಂಡು, ಹೊತ್ತುಹೊತ್ತಿಗೆ ಮಾತ್ರೆ ನುಂಗಿ, ಪಥ್ಯವಿದ್ದು, ದಿನಗಳನ್ನು ತೂಗಿಸಿಕೊಂಡು ಹೋಗುತ್ತಾರೆ. ಆ ರಾಜಿಯನ್ನು ಕೆಡಿಸಬಹುದಾದ ಹೊಸದೇನು ಬಂದರೂ ಅವರಿಗೆ ಅಂಜಿಕೆ. 2021ರಲ್ಲಿ ಕೋವಿಡ್ ಚುಚ್ಚುಮದ್ದು ಬಂದಾಗ ಆದದ್ದೂ ಇದೇ.

ಅಷ್ಟು ಹಳೆಯ ಮಾತು ಈಗೇಕೆ ಎಂದು ವಾಚಕರು ಕೇಳಬಹುದು. ಮಾತು ಹಳೆಯದಾದರೂ ಸಂಶಯ ಹಳೆಯದಾಗಿಲ್ಲ. 2025ರ ಮೇ-ಜೂನ್ ತಿಂಗಳಲ್ಲಿ ಸೋಂಕು ಮತ್ತೊಮ್ಮೆ ತುಸು ತಲೆಯೆತ್ತಿತು. ಅದೇ ಸುಮಾರಿಗೆ ಹಾಸನ ಜಿಲ್ಲೆಯಲ್ಲಿ ಎಳೆಯ ವಯಸ್ಸಿನವರೂ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಊರಿನಿಂದ ಮುಂಬಯಿಗೆ, ಪುಣೆಗೆ ಫೋನುಗಳು ಬಂದವು: "ಎಲ್ಲ ಆ ಸೂಜಿಯಿಂದಲೇ ಅಂತೆ!" ಅಂದು ಹಾಕಿಸಿಕೊಂಡ ಹೃದ್ರೋಗಿಗಳೂ ಮಧುಮೇಹಿಗಳೂ ಮತ್ತೆ ರಾತ್ರಿ ನಿದ್ದೆಗೆಟ್ಟರು. ಇತ್ತ ವೈದ್ಯರು ವರ್ಷಕ್ಕೊಮ್ಮೆ ಫ್ಲೂ ಚುಚ್ಚುಮದ್ದು, ನ್ಯುಮೋನಿಯದ ಚುಚ್ಚುಮದ್ದು ಎಂದು ಹೇಳಿದಾಗಲೂ ಅದೇ ಹಳೆಯ ಅಂಜಿಕೆ ಎದ್ದು ನಿಲ್ಲುತ್ತದೆ. ಆದುದರಿಂದ ಅಂದಿನ ಲೆಕ್ಕವನ್ನು ಸಾವಧಾನವಾಗಿ ಇನ್ನೊಮ್ಮೆ ಹಾಕಿ ನೋಡುವುದು ಲೇಸು.

ನಮ್ಮ ದೇಶದಲ್ಲಿ ಚುಚ್ಚುಮದ್ದಿನ ಕಾರ್ಯ 2021ರ ಜನವರಿ 16ರಂದು ಆಸ್ಪತ್ರೆಗಳ ಸಿಬ್ಬಂದಿಯಿಂದ ಮೊದಲಾಯಿತು. ಮಾರ್ಚ್ 1ರಿಂದ 60 ದಾಟಿದವರಿಗೂ, 45ರಿಂದ 59ರ ವಯಸ್ಸಿನವರಲ್ಲಿ ಸರ್ಕಾರ ಹೆಸರಿಸಿದ 20 ಬಗೆಯ ಕಾಯಿಲೆಯುಳ್ಳವರಿಗೂ ಅವಕಾಶ ದೊರೆಯಿತು. ಎರಡನೆಯ ಗುಂಪಿನವರು ವೈದ್ಯರ ಸಹಿಯಿದ್ದ ಪ್ರಮಾಣಪತ್ರ ಒಯ್ಯಬೇಕಾಗಿತ್ತು. ಆ ಪಟ್ಟಿಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಮೂತ್ರಪಿಂಡ ಕಸಿಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೊದಲಾದವರಿದ್ದರು. ಬರಿಯ ಸಕ್ಕರೆ ಕಾಯಿಲೆ ಇದ್ದರೆ ಸಾಲದು. ಅದು ಹತ್ತು ವರ್ಷ ಮೀರಿರಬೇಕು ಇಲ್ಲವೆ ತೊಡಕು ಉಂಟುಮಾಡಿರಬೇಕು, ಜೊತೆಗೆ ರಕ್ತದ ಒತ್ತಡಕ್ಕೂ ಔಷಧಿ ನಡೆದಿರಬೇಕು ಎಂದಿತ್ತು. ಬಹುಕಾಲದಿಂದ ಸ್ಟಿರಾಯ್ಡ್ ಮಾತ್ರೆಯನ್ನೋ ದೇಹದ ರಕ್ಷಣಾಶಕ್ತಿಯನ್ನು ತಗ್ಗಿಸುವ ಔಷಧಿಯನ್ನೋ ತೆಗೆದುಕೊಳ್ಳುವವರಿಗೆ ಬೇರೊಂದು ಸಾಲೇ ಇತ್ತು. ಅಂದರೆ ಕಾಯಿಲೆಯ ಹೆಸರೊಂದೇ ಸಾಲದು, ಅದು ಎಷ್ಟು ವರ್ಷದ್ದು, ಯಾವ ಔಷಧಿ ನಡೆದಿದೆ ಎಂಬುದನ್ನೂ ನೋಡಬೇಕೆಂದು ಪಟ್ಟಿ ಮಾಡಿದವರೇ ತೋರಿಸಿಕೊಟ್ಟಿದ್ದರು. ನಾವು ಮಾತ್ರ "ಶುಗರ್ ಇದ್ದವರು ಹಾಕಿಸಿಕೊಳ್ಳಬಹುದೆ?" ಎಂದು ಒಂದೇ ಪ್ರಶ್ನೆ ಕೇಳಿ ಒಂದೇ ಉತ್ತರಕ್ಕೆ ಕಾಯುತ್ತಿದ್ದೆವು.

ಹಳೆಯ ಕಾಯಿಲೆಯವರ ಅಂಜಿಕೆಗಳನ್ನು ಬಿಡಿಸಿ ನೋಡಿದರೆ ಮುಖ್ಯವಾದವು ಮೂರು.

ಮೊದಲನೆಯದು, "ಮೈಯಲ್ಲಿ ಶಕ್ತಿಯಿಲ್ಲದವರಿಗೆ ರೋಗದ ಬೀಜವನ್ನೇ ಚುಚ್ಚಿದರೆ ಗತಿಯೇನು?" ಎಂಬುದು. ಈ ಅಂಜಿಕೆಗೆ ಬೇರಿಲ್ಲದಿಲ್ಲ. ಸಿಡುಬಿಗೆ ದಾಕು ಹಾಕುತ್ತಿದ್ದ ಕಾಲವನ್ನು ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ದಾಕಿನಲ್ಲಿ ಜೀವಂತ ವೈರಾಣು ಇರುತ್ತಿತ್ತು. ಕಜ್ಜಿಯಂಥ ಚರ್ಮರೋಗದವರಿಗೆ ಅದನ್ನು ಹಾಕಬಾರದೆಂದೇ ನಿಯಮವಿತ್ತು. ಆದರೆ ನಮ್ಮಲ್ಲಿ ಹೆಚ್ಚಾಗಿ ಬಳಕೆಯಾದ ಎರಡು ಕೋವಿಡ್ ಚುಚ್ಚುಮದ್ದುಗಳು ಆ ಜಾತಿಯವಲ್ಲ. ಹೈದರಾಬಾದಿನಲ್ಲಿ ತಯಾರಾದ ಕೋವ್ಯಾಕ್ಸಿನ್‌ನಲ್ಲಿ ಇದ್ದದ್ದು ಕೊಂದ ವೈರಾಣು. ಪುಣೆಯಲ್ಲಿ ತಯಾರಾದ ಕೋವಿಶೀಲ್ಡ್‌ನಲ್ಲಿ ಇದ್ದದ್ದು ದೇಹದಲ್ಲಿ ಮರಿಮಾಡಲಾರದಂತೆ ಮಾಡಿದ ಬೇರೊಂದು ವೈರಾಣು. ಇವೆರಡರಿಂದಲೂ ಕೋವಿಡ್ ರೋಗವೇ ಹತ್ತಿಕೊಳ್ಳುವಂತಿರಲಿಲ್ಲ. ಆದರೂ ಸೀತಾಳೆ ಸಿಡುಬು, ದಡಾರಗಳ ಲಸಿಕೆಯಂಥ ಜೀವಂತ ಲಸಿಕೆಗಳು ಇಂದಿಗೂ ಇರುವುದರಿಂದ, ರಕ್ಷಣಾಶಕ್ತಿ ಬಹಳ ಕುಗ್ಗಿದವರು ಯಾವುದೇ ಹೊಸ ಚುಚ್ಚುಮದ್ದಿನ ಮುಂಚೆ "ಇದು ಜೀವಂತ ಲಸಿಕೆಯೆ?" ಎಂದು ಕೇಳತಕ್ಕದ್ದು.

ಎರಡನೆಯದು, ರಕ್ತ ಹೆಪ್ಪುಗಟ್ಟುವ ಮತ್ತು ಹೃದಯ ನಿಲ್ಲುವ ಅಂಜಿಕೆ. ಕೋವಿಶೀಲ್ಡ್‌ನಿಂದ ಬಲು ವಿರಳವಾಗಿ ರಕ್ತ ಹೆಪ್ಪುಗಟ್ಟುತ್ತಿದ್ದುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ತಜ್ಞ ಸಮಿತಿ ಕೊಟ್ಟ ಲೆಕ್ಕದಂತೆ ಅಂಥ ಪ್ರಕರಣಗಳು 10 ಲಕ್ಷ ಡೋಸುಗಳಿಗೆ 0.61. ಇದು ಚುಚ್ಚಿದ ಕೆಲವು ವಾರಗಳೊಳಗೆ ಕಾಣಿಸಿಕೊಳ್ಳುವಂಥದು. ವರ್ಷಗಳು ಕಳೆದ ಮೇಲೆ ಇದಕ್ಕಾಗಿ ನಿದ್ದೆಗೆಡುವ ಕಾರಣವಿಲ್ಲ. ಹಾಸನದ ಸುದ್ದಿಯ ವಿಷಯದಲ್ಲಿ ಹೇಳುವುದಾದರೆ, ಕರ್ನಾಟಕ ಸರ್ಕಾರದ ತಜ್ಞರ ಸಮಿತಿಗೆ ಅಕಾಲ ಹೃದಯಾಘಾತಕ್ಕೂ ಚುಚ್ಚುಮದ್ದಿಗೂ ನೇರವಾದ ಸಂಬಂಧ ಕಂಡುಬರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 47 ಆಸ್ಪತ್ರೆಗಳ ನೆರವಿನಿಂದ 18ರಿಂದ 45 ವಯಸ್ಸಿನವರ ಹಠಾತ್ ಮರಣಗಳನ್ನು ಪರಿಶೀಲಿಸಿದಾಗಲೂ ಚುಚ್ಚುಮದ್ದಿನಿಂದ ಅಪಾಯ ಹೆಚ್ಚಿದಂತೆ ಕಾಣಲಿಲ್ಲ. ಎರಡು ಡೋಸು ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಆ ಪರಿಶೀಲನೆ ಆರೋಗ್ಯವಂತರಾಗಿ ತೋರುತ್ತಿದ್ದವರನ್ನು ಕುರಿತದ್ದೆಂಬುದನ್ನು ಮಾತ್ರ ಮರೆಯಬಾರದು. ಹಳೆಯ ಕಾಯಿಲೆಯವರು ತಮ್ಮ ಲೆಕ್ಕವನ್ನು ತಮ್ಮ ವೈದ್ಯರೊಡನೆಯೇ ಹಾಕಬೇಕು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು. ಕೇಳಿದವರು ಮಾತ್ರ ಕಡಿಮೆ. "ನಾನು ನುಂಗುವ ಮಾತ್ರೆಗೂ ಈ ಚುಚ್ಚುಮದ್ದಿಗೂ ಹೊಂದುವುದೆ?" ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಚುಚ್ಚುಮದ್ದಿನ ಫಲವನ್ನು ತಗ್ಗಿಸುತ್ತದೆ. ಚುಚ್ಚಿಸಿಕೊಂಡ ಮೇಲೆ ಎರಡು ವಾರ ಅದನ್ನು ನಿಲ್ಲಿಸಿದರೆ ರಕ್ಷಣೆಯ ಅಂಶ ರಕ್ತದಲ್ಲಿ ಸುಮಾರು ಇಮ್ಮಡಿಯಾಗುತ್ತದೆಂದು 2022ರಲ್ಲಿ ಬ್ರಿಟನ್ನಿನಲ್ಲಿ ಕಂಡುಕೊಂಡರು. ಆದರೆ ಕೀಲುನೋವು ಕೆರಳುವುದೂ ಉಂಟು. ಮೂತ್ರಪಿಂಡ ಕಸಿಯಾದವರಲ್ಲಿ ಎರಡು ಡೋಸುಗಳಿಂದ ಸಾಕಷ್ಟು ರಕ್ಷಣೆ ಬಾರದೆಂದು ಅಮೆರಿಕದಲ್ಲಿ 2021ರ ಆಗಸ್ಟಿನಲ್ಲೇ ಮೂರನೆಯದನ್ನು ಹೇಳಿದರು. ನಮ್ಮಲ್ಲಿ ಮುನ್ನೆಚ್ಚರಿಕೆಯ ಡೋಸು ಬಂದದ್ದು 2022ರ ಜನವರಿ 10ರಂದು, ಅದೂ ಎರಡನೆಯದಾಗಿ ಒಂಬತ್ತು ತಿಂಗಳು ಕಳೆದವರಿಗೆ. ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ಬೇಕಾದುದು ಸಣ್ಣ ಸೂಜಿ ಮತ್ತು ಚುಚ್ಚಿದ ಜಾಗವನ್ನು ಕೆಲವು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯುವುದು. ಹೀಗೆ ಬಹುಮಂದಿಗೆ ಉತ್ತರ "ಬೇಡ" ಎಂದಿರಲಿಲ್ಲ. "ಯಾವಾಗ, ಹೇಗೆ" ಎಂದಿತ್ತು. ಮೊದಲ ಡೋಸಿಗೆ ಉಸಿರುಕಟ್ಟುವಂಥ ತೀವ್ರ ಅಲರ್ಜಿಯಾದವರಂಥ ಕೆಲವರಿಗೆ ಮಾತ್ರ ಅದೇ ಮದ್ದು ಮತ್ತೆ ಬೇಡವೆಂದೇ ಹೇಳಬೇಕಾಗಿತ್ತು.

ಡೊಂಬಿವಲಿಯಲ್ಲಿರುವ ನಮ್ಮ ಹಿರಿಯ ಸದಸ್ಯರೊಬ್ಬರ ಮನೆಯ ಸಂಗತಿ ಇಲ್ಲಿ ಹೇಳತಕ್ಕದ್ದು. ಅವರ ಪತ್ನಿಗೆ ಆಗ 52 ವರ್ಷ, ಸಂಧಿವಾತ 14 ವರ್ಷದ್ದು. ಧಾರವಾಡದಿಂದ ತಮ್ಮ ಫೋನು ಮಾಡಿ, "ಅಕ್ಕಾ, ಮೊದಲೇ ನಿನ್ನ ಮೈಯಾಗ ಕಸುವಿಲ್ಲ. ಈ ಗದ್ದಲ ಇಳೀಲಿ, ಆಮ್ಯಾಲೆ ನೋಡೂಣು" ಎಂದನಂತೆ. ಮಗ, "ಅವ್ವಾ, ಡಾಕ್ಟರನ್ನ ಒಂದು ಮಾತು ಕೇಳೋಣ" ಎಂದ. ವೈದ್ಯರು ಔಷಧಿಯ ಚೀಟಿಗಳನ್ನೆಲ್ಲ ನೋಡಿ, ಪ್ರತಿ ಡೋಸಿನ ನಂತರ ಮೆಥೊಟ್ರೆಕ್ಸೇಟ್ ಒಂದು ವಾರ ನಿಲ್ಲಿಸಿ, ಸ್ಟಿರಾಯ್ಡ್ ಮಾತ್ರೆ ಬಿಡಲೇಬಾರದು ಎಂದರು. ಮಾರ್ಚ್ ಕೊನೆಗೆ ಮೊದಲನೆಯದಾಯಿತು. ಅಷ್ಟರಲ್ಲಿ ಕೋವಿಶೀಲ್ಡ್‌ನ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿದ್ದರಿಂದ ಎರಡನೆಯದು ಜೂನ್ ಕೊನೆಗೆ ಹೋಯಿತು. ಆ ಮೂರು ತಿಂಗಳು ಆಕೆ ಹೊಸ್ತಿಲು ದಾಟಲಿಲ್ಲ. ಮನೆಯವರೆಲ್ಲ ತಮ್ಮ ಸರದಿ ಬಂದೊಡನೆ ಹಾಕಿಸಿಕೊಂಡರು. ಕೀಲುಗಳು ಬಾತು ಮೂರು ವಾರ ಕೈಯಲ್ಲಿ ಲಟ್ಟಣಿಗೆ ಹಿಡಿಯಲಾಗಲಿಲ್ಲ. "ನೋವು ತಿಂದೆ, ಖರೆ. ಆದರ ಕೇಳಿ ತಿಳಕೊಂಡು ತಿಂದ ನೋವು. ಅದರಾಗ ಅಂಜಿಕಿ ಇರಲಿಲ್ಲ" ಎನ್ನುತ್ತಾರೆ.

ತಮ್ಮನಿಗೂ ಮಧುಮೇಹವಿತ್ತು. ಅಲೆ ಇಳಿಯಲೆಂದು ಕಾದ. ಮೇ ತಿಂಗಳಲ್ಲಿ ಮನಸ್ಸು ಮಾಡಿದಾಗ ಚುಚ್ಚುಮದ್ದಿಗೇ ಬರ. ಅದೇ ತಿಂಗಳು ಸೋಂಕು ತಗಲಿ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದ. ಬದುಕಿ ಬಂದ, ಆದರೆ ಮಾಳಿಗೆಯ ಮೆಟ್ಟಿಲು ಹತ್ತಲು ಇಂದಿಗೂ ನಡುವೆ ನಿಲ್ಲಬೇಕು. ಅಕ್ಕ ಜಾಣೆ, ತಮ್ಮ ದಡ್ಡ ಎಂದು ತೀರ್ಪು ಕೊಡಲು ಇದನ್ನು ಬರೆಯುತ್ತಿಲ್ಲ. ಇಬ್ಬರೂ ಹೆದರಿದ್ದರು, ಹೆದರಿಕೆ ಸಹಜವಾದದ್ದೇ. ತಕ್ಕಡಿಯ ಒಂದು ತಟ್ಟೆಯಲ್ಲಿ ಸೂಜಿಯ ಅಪಾಯವನ್ನು ಇಟ್ಟವರು ಇನ್ನೊಂದರಲ್ಲಿ ರೋಗದ ಅಪಾಯವನ್ನೂ ಇಡಬೇಕು. ಕಾಯುವುದೂ ಒಂದು ತೀರ್ಮಾನವೇ, ಅದಕ್ಕೂ ಬೆಲೆಯುಂಟು.

ಪರಸ್ಥಳದ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಹಳೆಯ ವರದಿಗಳು ಊರಿನ ಕಪಾಟಿನಲ್ಲಿ, ಈಗಿನ ವೈದ್ಯರು ಇಲ್ಲಿ. ಮಗನ ವರ್ಗವಾದರೆ ಮತ್ತೊಬ್ಬ ವೈದ್ಯರು, ಮತ್ತೊಂದು ಭಾಷೆ. ಆದುದರಿಂದ ಮನೆಯ ಪ್ರತಿಯೊಬ್ಬ ಹಳೆಯ ಕಾಯಿಲೆಯವರ ಹೆಸರಿನಲ್ಲಿ ಒಂದೊಂದು ಹಾಳೆ ಬರೆದಿಡಿರಿ. ಯಾವ ಕಾಯಿಲೆ, ಎಂದಿನಿಂದ. ಯಾವ ಔಷಧಿ, ದಿನಕ್ಕೆಷ್ಟು. ಯಾವುದು ಮೈಗೆ ಒಗ್ಗದು. ಇದುವರೆಗೆ ಯಾವ ಚುಚ್ಚುಮದ್ದು, ಯಾವ ತಾರೀಖಿನಂದು. ಔಷಧಿಯ ಹೆಸರನ್ನು ಡಬ್ಬಿಯ ಮೇಲಿರುವಂತೆಯೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಯಾವ ಊರಿನ ವೈದ್ಯರಿಗೂ ತಿಳಿಯುತ್ತದೆ.

ಆ ಹಾಳೆಯನ್ನು ಮುಂದಿಟ್ಟು ಕೇಳಬೇಕಾದುದು ಇಷ್ಟೇ: ಈ ಮದ್ದು ನನಗೆ ತಕ್ಕದ್ದೆ? ನನ್ನ ಮಾತ್ರೆಗಳಲ್ಲಿ ಯಾವುದನ್ನಾದರೂ ಕೆಲವು ದಿನ ನಿಲ್ಲಿಸಬೇಕೆ? ಹಾಕಿಸಿಕೊಂಡ ಮೇಲೆ ಏನಾದರೆ ತಮಗೆ ತಿಳಿಸಲಿ? ಸ್ವಂತ ಬುದ್ಧಿಯಿಂದ ಮಾತ್ರ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿರಿ; ಸ್ಟಿರಾಯ್ಡನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ತುರ್ತು ಪರಿಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಸಾರಿತು. ವಯಸ್ಸಾದವರಿಗೂ ಹಳೆಯ ಕಾಯಿಲೆಯವರಿಗೂ ಎಚ್ಚರಿಕೆ ಬೇಕೆಂಬ ಮಾತು ಮಾತ್ರ ಮುಗಿದಿಲ್ಲ. ಮಳೆಗಾಲ ಬರುವ ಮುನ್ನ ಫ್ಲೂ ಚುಚ್ಚುಮದ್ದಿನ ವಿಚಾರವನ್ನು ನಿಮ್ಮ ವೈದ್ಯರೊಡನೆ ಮಾತನಾಡಿರಿ. ಮಳೆಗಾಲದಲ್ಲಿ ಕುಡಿಯುವ ನೀರಿನ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆ.