‘ಲಿಂಕ್ ಒತ್ತಬೇಡಿ’ ಅಂದರೆ ಮುಗಿಯಿತೇ?

ಎಸ್ಪಿ ಕಚೇರಿಯಿಂದ ಬರುವ ಪತ್ರಿಕಾ ಪ್ರಕಟಣೆಗಳಲ್ಲಿ ಸೈಬರ್ ವಂಚನೆ ಈಗ ಮಾಮೂಲಿ. ಪತ್ರಿಕೆಯಲ್ಲಿ ಅದಕ್ಕೆ ಸಿಂಗಲ್ ಕಾಲಂ ಜಾಗ. ‘ಅಪರಿಚಿತರು ಕಳುಹಿಸಿದ ಲಿಂಕ್ ಒತ್ತಿ ಹಣ ಕಳೆದುಕೊಂಡಿದ್ದಾರೆ. ಸಿಇಎನ್ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ.’ ಅಲ್ಲಿಗೆ ಸುದ್ದಿ ಮುಗಿಯಿತು. ಆ ಮೇಲ್‌ನಲ್ಲಿ ಏನು ಬರೆದಿತ್ತು, ಡಿಗ್ರಿ ಓದಿದವರೂ ಅದನ್ನು ಯಾಕೆ ನಂಬಿದರು ಎಂಬುದು ಎಲ್ಲೂ ಇರುವುದಿಲ್ಲ. ಓದಿದವರು ‘ಎಂಥಾ ದಡ್ಡರಪ್ಪ’ ಅಂದುಕೊಂಡು ಪುಟ ತಿರುಗಿಸುತ್ತಾರೆ.

ಅವರು ದಡ್ಡರಲ್ಲ. ಆನ್‌ಲೈನ್‌ನಲ್ಲಿ ಮಾಲು ಮಾರುವವರ ವಿಷಯದಲ್ಲಂತೂ ಖಂಡಿತ ಅಲ್ಲ. ಕೊಳ್ಳುವವರು ಕಂಪನಿಯ ಮೇಲ್ ಓದದೆ ಬಿಟ್ಟರೂ ನಡೆಯುತ್ತದೆ, ಮಾರುವವರಿಗೆ ಹಾಗಲ್ಲ. ಇಳಕಲ್ ಸೀರೆ, ಬ್ಯಾಡಗಿ ಮೆಣಸಿನಕಾಯಿ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಏನೇ ಮಾರಲಿ, ಆರ್ಡರ್, ವಾಪಸಾದ ಪಾರ್ಸೆಲ್, ಹಣ ಪಾವತಿ, ದಾಖಲೆ ಪರಿಶೀಲನೆ ಎಲ್ಲಕ್ಕೂ ಮೇಲ್ ಬರುತ್ತದೆ. ಅದರ ನಡುವೆ ಒಂದು ದಿನ, ‘ನಿಮ್ಮ ಖಾತೆ ಸಸ್ಪೆಂಡ್ ಆಗಲಿದೆ, 48 ಗಂಟೆಯೊಳಗೆ ದಾಖಲೆ ಸಲ್ಲಿಸಿ’ ಎಂದು ಇಂಗ್ಲಿಷಿನಲ್ಲಿ ಇನ್ನೊಂದು ಬರುತ್ತದೆ. ಹಬ್ಬದ ಸೀಸನ್, ಮನೆ ತುಂಬ ಮಾಲು, ಕಂಪನಿಯಿಂದ ಬರಬೇಕಾದ ಬಾಕಿ ಬೇರೆ. ಯಾರಿಗೆ ಕೈ ನಡುಗುವುದಿಲ್ಲ? ನಿಜವಾದ ಕಂಪನಿಗಳೂ ಇದೇ ಧಾಟಿಯಲ್ಲಿ, ಇದೇ ಗಡುವು ಹಾಕಿ ಬರೆಯುತ್ತವೆ. ಹೀಗಿರುವಾಗ ‘ಹೆದರಿಸುವ ಮೇಲ್ ನಂಬಬೇಡಿ’ ಎಂಬ ಬುದ್ಧಿಮಾತು ವ್ಯಾಪಾರಿಗೆ ಏನು ಪ್ರಯೋಜನ?

ಜನ ನಂಬಿಕೊಂಡಿರುವ ಗುರುತುಗಳು ಯಾವುವು ನೋಡಿ. ಮೇಲ್‌ನಲ್ಲಿ ನನ್ನ ಹೆಸರು, ಅಂಗಡಿ ಹೆಸರು, ಜಿಎಸ್‌ಟಿ ನಂಬರ್ ಎಲ್ಲ ಸರಿಯಾಗಿದೆ, ಹಾಗಾಗಿ ಅಸಲಿ ಅನ್ನುತ್ತಾರೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಹಾಕಿದರೆ ಯಾರಿಗೆ ಬೇಕಾದರೂ ಮಾಲೀಕರ ಹೆಸರು, ಅಂಗಡಿ ಹೆಸರು, ವಿಳಾಸ ಸಿಗುತ್ತದೆ. ಆ ನಂಬರ್ ನೀವು ಕಳುಹಿಸುವ ಪ್ರತಿ ಬಿಲ್ಲಿನ ಮೇಲೂ ಇದೆ. ಲೋಗೊ ಕದಿಯಲು ಒಂದು ನಿಮಿಷ ಸಾಕು. ತಪ್ಪು ಇಂಗ್ಲಿಷ್ ಇದ್ದರೆ ನಕಲಿ ಎಂಬ ಕಾಲವೂ ಹೋಯಿತು. ಎಐ ಬಂದ ಮೇಲೆ ಕಳ್ಳನ ಇಂಗ್ಲಿಷ್ ಕಂಪನಿಯ ಇಂಗ್ಲಿಷಿಗಿಂತ ಚೆನ್ನಾಗಿರಬಹುದು. ವಿಳಾಸದ ಪಕ್ಕದ ಬೀಗದ ಚಿತ್ರ ಹೇಳುವುದು ಇಷ್ಟೇ: ನಿಮಗೂ ಆ ವೆಬ್‌ಸೈಟಿಗೂ ನಡುವಿನ ಮಾತು ಮೂರನೆಯವರಿಗೆ ಕೇಳಿಸುವುದಿಲ್ಲ. ಆ ಕಡೆ ಕೂತಿರುವವನು ಕಳ್ಳನೋ ಸಾಚಾನೋ ಅದಕ್ಕೆ ಗೊತ್ತಿಲ್ಲ.

ವಿಳಾಸ ಓದಲು ಕಲಿತರೆ ಸ್ವಲ್ಪ ಉಪಯೋಗವಿದೆ. ವೆಬ್ ವಿಳಾಸವನ್ನು ಅಂಚೆ ವಿಳಾಸದಂತೆ ಓದಬೇಕು. ಊರು ಯಾವುದೆಂದು ತಿಳಿಯುವುದು ಕೊನೆಯ ಸಾಲಿನಲ್ಲಿ. ‘ಅಮೆಜಾನ್ ಡಾಟ್ ಇನ್ ಡಾಟ್ ಸೆಲ್ಲರ್-ವೆರಿಫೈ ಡಾಟ್ ಕಾಮ್’ ಎಂದಿದ್ದರೆ ಅದು ಅಮೆಜಾನ್‌ನದಲ್ಲ, ‘ಸೆಲ್ಲರ್-ವೆರಿಫೈ ಡಾಟ್ ಕಾಮ್’ ಎಂಬ ಹೆಸರು ಕೊಂಡವನದು. ಬೋರ್ಡಿನಲ್ಲಿ ಧಾರವಾಡ ಪೇಡೆ ಅಂತಿದ್ದ ಮಾತ್ರಕ್ಕೆ ಅಂಗಡಿ ಧಾರವಾಡದಲ್ಲೇ ಇರಬೇಕೆಂದಿಲ್ಲವಲ್ಲ. ಮೊದಲ ಓರೆಗೆರೆಯ ಎಡಕ್ಕೆ, ಅದಕ್ಕೆ ಅಂಟಿಕೊಂಡಿರುವ ಹೆಸರೇ ನಿಜವಾದ ಮಾಲೀಕನದು. ಆದರೆ ಮೊಬೈಲಿನ ಸಣ್ಣ ಪರದೆಯಲ್ಲಿ, ಪ್ಯಾಕಿಂಗ್ ಮಾಡುತ್ತಾ ಇಷ್ಟೆಲ್ಲ ನೋಡುವವರು ಎಷ್ಟು ಜನ?

ಹಾಗಾಗಿ ನಾನು ಹೇಳುವುದು ಒಂದೇ ಮಾತು. ಮೇಲ್ ಅಸಲಿಯೋ ನಕಲಿಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಅದನ್ನು ಮುಚ್ಚಿ, ಎಂದಿನಂತೆ ನೀವೇ ಆ್ಯಪ್ ತೆರೆದು ಖಾತೆಯೊಳಗೆ ಹೋಗಿ. ಅಮೆಜಾನ್‌ನ ಸೆಲ್ಲರ್ ಸೆಂಟ್ರಲ್‌ನಲ್ಲಿ ‘ಪರ್ಫಾರ್ಮೆನ್ಸ್ ನೋಟಿಫಿಕೇಷನ್ಸ್’ ಎಂಬ ಪುಟವಿದೆ. ವಿದೇಶಕ್ಕೆ ಮಾರುವವರು ಬಳಸುವ ಈಬೇಯಲ್ಲಿ ‘ಮೆಸೇಜಸ್’ ಇದೆ. ಖಾತೆಗೆ ನಿಜಕ್ಕೂ ತೊಂದರೆಯಿದ್ದರೆ ಆ ನೋಟಿಸ್ ಒಳಗೂ ಕಾಣಬೇಕು. ಕಾಣದಿದ್ದರೆ ಒಳಗಿನಿಂದಲೇ ಸಹಾಯ ವಿಭಾಗಕ್ಕೆ ಬರೆದು ಕೇಳಿ. ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ, ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಹುಡುಕಲೂ ಬೇಡಿ. ಅಲ್ಲೂ ಕಳ್ಳರು ತಮ್ಮ ನಂಬರ್ ಹಾಕಿಟ್ಟಿರುತ್ತಾರೆ.

ಒಟಿಪಿ ಇದೆಯಲ್ಲ, ಭಯವಿಲ್ಲ ಅನ್ನುವವರೂ ಇದ್ದಾರೆ. ನಕಲಿ ಪುಟದಲ್ಲಿ ನೀವು ಪಾಸ್‌ವರ್ಡ್ ಹಾಕಿದ ಕೂಡಲೇ ಕಳ್ಳ ಅದನ್ನು ಅಸಲಿ ಪುಟಕ್ಕೆ ಹಾಕುತ್ತಾನೆ. ಒಟಿಪಿ ನಿಮಗೆ ಬರುತ್ತದೆ, ಅದನ್ನೂ ನಕಲಿ ಪುಟಕ್ಕೇ ತುಂಬುತ್ತೀರಿ. ಅವನು ಒಳಹೊಕ್ಕು ಮೊದಲು ಮಾಡುವ ಕೆಲಸ, ಹಣ ಜಮಾ ಆಗುವ ಬ್ಯಾಂಕ್ ಖಾತೆ ಬದಲಿಸುವುದು. ಮಾಲು ನಿಮ್ಮದು, ಪಾರ್ಸೆಲ್ ಕಟ್ಟುವವರು ನೀವು, ದುಡ್ಡು ಅವನಿಗೆ. ಗೊತ್ತಾಗುವುದು ಪಾವತಿಯ ದಿನ.

ಹಳೆ ಬೈಕು, ಸೋಫಾ ಮಾರುವವರಿಗೆ ಬೇರೆ ಬಲೆ. ಸೈನಿಕ ಎಂದು ಹೇಳಿಕೊಂಡವನು ಚೌಕಾಸಿ ಮಾಡದೆ ಒಪ್ಪಿ, ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುತ್ತಾನೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ. ಪಡೆಯುವಾಗ ಬೇಕಿಲ್ಲ.

ಹಣ ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯವಿರುವುದು ಆ ಆರಂಭದ ಹೊತ್ತಿನಲ್ಲೇ. ಆಮೇಲೆ ಪಾಸ್‌ವರ್ಡ್ ಬದಲಿಸಿ, ಸೆಲ್ಲರ್ ಖಾತೆಯಲ್ಲಿ ಯಾವ ಬ್ಯಾಂಕ್ ಖಾತೆ ನಮೂದಾಗಿದೆ ನೋಡಿ.

ಇಷ್ಟನ್ನೂ ಒಂದು ಸುದ್ದಿಯ ಜೊತೆಗೆ ಪತ್ರಿಕೆಗಳು ನಾಲ್ಕು ಸಾಲಿನಲ್ಲಿ ಹೇಳಬಹುದು. ಎಷ್ಟು ಹಣ ಹೋಯಿತು ಎಂಬುದರ ಜೊತೆಗೆ ಹೇಗೆ ಹೋಯಿತು ಎಂಬುದನ್ನೂ ವರದಿಗಾರ ಠಾಣೆಯಲ್ಲಿ ಕೇಳಬೇಕು. ಸ್ವಸಹಾಯ ಸಂಘದ ಮಹಿಳೆಯರಿಗೆ ಆನ್‌ಲೈನ್ ಮಾರಾಟದ ತರಬೇತಿ ಕೊಡುವವರು, ಫೋಟೊ ತೆಗೆಯುವುದು, ಪ್ಯಾಕಿಂಗ್ ಮಾಡುವುದು ಹೇಳಿಕೊಟ್ಟಂತೆ ಇದಕ್ಕೂ ಅರ್ಧ ಗಂಟೆ ಇಡಲಿ.

ಆದರೆ ಎಲ್ಲ ಹೊಣೆಯನ್ನೂ ಮಾರುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕೆಂದು ಹೇಳಿತು. ಬೇರೆಯವರಿಗೆ ಆ ವಿಳಾಸ ಸಿಗುವುದಿಲ್ಲ. ಸರಕಾರ ಮನಸ್ಸು ಮಾಡಿದರೆ ಗುರುತು ಹಿಡಿಯುವುದನ್ನು ಸುಲಭ ಮಾಡಬಹುದು ಎಂಬುದಕ್ಕೆ ಇದು ಸಾಕ್ಷಿ. ಪ್ರತಿ ಮಾರಾಟಕ್ಕೂ ಕಮಿಷನ್ ಮುರಿದುಕೊಳ್ಳುವ ಆನ್‌ಲೈನ್ ಕಂಪನಿಗಳಿಗೆ ಇನ್ನೂ ಸಣ್ಣ ಕೆಲಸ ಸಾಕು. ಖಾತೆ ಸಸ್ಪೆಂಡ್ ಮಾಡುವ ನೋಟಿಸನ್ನು ಆ್ಯಪ್‌ನೊಳಗೆ ಕನ್ನಡದಲ್ಲಿ ಕೊಡಲಿ. ಮೇಲ್‌ನಲ್ಲಿ ಲಿಂಕ್ ಇಡುವುದನ್ನೇ ನಿಲ್ಲಿಸಿ, ‘ಆ್ಯಪ್ ತೆರೆದು ನೋಡಿ’ ಎಂದಷ್ಟೇ ಬರೆಯಲಿ. ಅಸಲಿ ಮೇಲ್‌ನಲ್ಲಿ ಲಿಂಕ್ ಇರುವುದೇ ಇಲ್ಲ ಎಂದಾದ ದಿನ, ಲಿಂಕ್ ಇರುವ ಮೇಲ್ ಕಳ್ಳನದೆಂದು ಎಂಥವರಿಗೂ ಗೊತ್ತಾಗುತ್ತದೆ.