ಗಾಡಿ ಮಾರಿದರೆ ಸಾಲದು, ಹೆಸರೂ ಬಿಡಬೇಕು

ಕರಾರು ಮುಗಿಸಿ ಊರಿಗೆ ಹೊರಡುವ ನಮ್ಮವರ ಮನೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಬಿಕರಿಯಾಗುವುದು ಕಾರು. ಸೋಫಾ, ಫ್ರಿಜ್, ಗ್ರೈಂಡರುಗಳನ್ನು ಅಕ್ಕಪಕ್ಕದವರೇ ಒಯ್ಯುತ್ತಾರೆ. ಕಾರಿಲ್ಲದೆ ವೆಸ್ಟ್‌ಲ್ಯಾಂಡ್ಸಿನಲ್ಲಿ ಸಂಸಾರ ನಡೆಯದು; ಹಾಗಾಗಿ ಅದರ ಮಾರಾಟ ಕೊನೆಯ ವಾರದ ಗಡಿಬಿಡಿಗೆ ಬೀಳುತ್ತದೆ. ಈ ಸಲ ಅದರ ಬಗ್ಗೆಯೇ ಎರಡು ಮಾತು.

ಮೊದಲನೆಯದು ಗಾಡಿಯದು. 1975 ಮತ್ತು 1978ರ ಸಫಾರಿ ರ್‍ಯಾಲಿ ಗೆದ್ದ ಪ್ಯೂಜೊ 504ರ ಕಾಲದಿಂದಲೂ ಈ ದೇಶದವರಿಗೆ ಗಟ್ಟಿ ಸಲೂನ್ ಎಂದರೆ ಪ್ರೀತಿ. ಎಂಟು ವರ್ಷ ದಾಟಿದ ಕಾರನ್ನು ಹೊರಗಿನಿಂದ ತರಿಸುವಂತಿಲ್ಲವಾದ್ದರಿಂದ, ಇಲ್ಲೇ ಚೆನ್ನಾಗಿ ನೋಡಿಕೊಂಡ ಡೀಸೆಲ್ ಗಾಡಿಗೆ ಗಿರಾಕಿ ಇದ್ದೇ ಇರುತ್ತಾರೆ. ಅವರು ಅನುಮಾನದಿಂದ ನೋಡುವುದು ಹೊಗೆಯನ್ನು. ನೈರೋಬಿ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಟರ್ಬೊ ಇಲ್ಲದ ಹಳೆಯ ಡೀಸೆಲ್ ಎಂಜಿನ್ ಲಿಮುರು ಏರಿನಲ್ಲಿ ಕೊಂಚ ಕಪ್ಪು ಹೊಗೆ ಬಿಟ್ಟರೆ ಅದು ಎತ್ತರದ ಪ್ರಭಾವವಿರಬಹುದು, ಏರ್ ಫಿಲ್ಟರ್ ಕಟ್ಟಿರಲೂಬಹುದು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದೇ ಅರ್ಥ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಗಿರಾಕಿಯ ಕೈಯಿಂದಲೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟು ಗ್ಲೋ ಪ್ಲಗ್ಗಿನ ದೋಷ ಮುಚ್ಚಿದರೆ ಅವರ ಫುಂಡಿ ಮಾರನೆಯ ದಿನವೇ ಕಂಡುಹಿಡಿಯುತ್ತಾನೆ. ಆಯಿಲ್, ಫಿಲ್ಟರ್ ಬದಲಾಯಿಸಿದ ರಸೀದಿಗಳ ಫೈಲು ಕೊಡಿ. ಹೊಸ ಪಾಲಿಶ್‌ಗಿಂತ ಅದಕ್ಕೇ ಬೆಲೆ.

ಎರಡನೆಯದು, ಮುಖ್ಯವಾದದ್ದು, ಹೆಸರಿನ ಮಾತು. ದುಡ್ಡು ಎಣಿಸಿಕೊಂಡು ಬೀಗದಕೈ ಕೊಟ್ಟ ಮಾತ್ರಕ್ಕೆ ಮಾರಾಟ ಮುಗಿಯಲಿಲ್ಲ. ಕೆನ್ಯಾದ ಟ್ರಾಫಿಕ್ ಕಾಯಿದೆಯ 8ನೇ ಕಲಮಿನ ಪ್ರಕಾರ, ಬೇರೆ ರುಜುವಾತು ಆಗುವವರೆಗೆ, ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು. ಸಹಿ ಮಾಡಿದ ಫಾರಂ ಕೊಟ್ಟು ವಿಮಾನ ಹತ್ತುತ್ತಿದ್ದ ಕಾಲ ಹೋಯಿತು. ಈಗ ಎನ್.ಟಿ.ಎಸ್.ಎ. ಖಾತೆಯಲ್ಲಿ ಮಾರುವವರೇ ವರ್ಗಾವಣೆ ಶುರುಮಾಡಬೇಕು, ಕೊಳ್ಳುವವರು ಒಪ್ಪಬೇಕು. ಸುಂಕ ವಿನಾಯಿತಿಯಲ್ಲಿ ತಂದ ಕಾರಾದರೆ ಮೊದಲು ಸುಂಕದ ಲೆಕ್ಕ ತೀರಿಸಬೇಕು.

ಇದನ್ನು ಮಾಡದೆ ಹೋದಿರಿ, ಆ ಗಾಡಿ ಯಾರಿಗೋ ಗುದ್ದಿತು ಎನ್ನಿ. ನೀವು ಮೈಸೂರಿನಲ್ಲಿ, ಕೊಂಡವನು ಅದನ್ನು ಮೂರನೆಯವನಿಗೆ ದಾಟಿಸಿದ್ದಾನೆ. ವಿಚಾರಣೆ ಬರುವುದು ಹಳೆಯ ವಿಳಾಸಕ್ಕೆ, ಅಲ್ಲಿಂದ ಗಿರಾಕಿಯನ್ನು ಪರಿಚಯಿಸಿದ ಸ್ನೇಹಿತರ ಬಾಗಿಲಿಗೆ. ಉಪಕಾರ ಮಾಡಿದವರು ಠಾಣೆಯ ಬೆಂಚಿನ ಮೇಲೆ ಕೂರಬೇಕೆ?

ಆದ್ದರಿಂದ ಹೊರಡುವ ದಿನಕ್ಕೆ ಒಂದು ತಿಂಗಳು ಮೊದಲೇ ಮಾರಿ. ಹಣ ಬ್ಯಾಂಕಿಗೆ ಜಮಾ ಆದದ್ದನ್ನು ಖಚಿತಪಡಿಸಿಕೊಳ್ಳಿ. ಲಾಗ್‌ಬುಕ್ ಕೊಂಡವರ ಹೆಸರಿಗೆ ಬಂದ ಮೇಲೆ ವಿಮೆ ರದ್ದುಮಾಡಿಸಿ. ನಡುವಿನ ನಾಲ್ಕು ವಾರ ಓಡಾಟಕ್ಕೆ ಏನು ಮಾಡುವುದು ಎನ್ನುವಿರಾ? ನಮ್ಮ ಗಾಡಿಗಳಿವೆಯಲ್ಲ, ಒಂದು ಮಾತು ಹೇಳಿ ಕಳಿಸಿ.